ಕೆರೆ ನೀರೆತ್ತಲು ಯಾವ ಪಂಪು: ಡೀಸೆಲ್ಲೋ, ಪೆಟ್ರೋಲೋ, ಕರೆಂಟೋ, ಸೋಲಾರೋ?

ಬೇಸಿಗೆ ಹತ್ತಿರ ಬರುತ್ತಿದ್ದ ಹಾಗೆ ನಮ್ಮ ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಅಡಿಕೆ ತೋಟದವರು ಕೇಳುವ ಪ್ರಶ್ನೆ ಒಂದೇ. ಕೆರೆಗೆ ಯಾವ ಪಂಪು ಇಡೋಣ? ಹಳೇ ಡೀಸೆಲ್ ಸೆಟ್ಟು ರಿಪೇರಿ ಮಾಡಿಸೋದಾ, ಸಣ್ಣ ಪೆಟ್ರೋಲ್ ಪಂಪು ತರೋದಾ, ಕರೆಂಟಿಗೆ ಅರ್ಜಿ ಹಾಕೋದಾ, ಸೋಲಾರ್ ಅಂತಾರಲ್ಲ ಅದನ್ನು ನೋಡೋದಾ? ಅಂಗಡಿಗೆ ಹೋದರೆ ಎಚ್‌ಪಿ ಎಷ್ಟು, ಪೈಪು ಎಷ್ಟು ಇಂಚು, ರೇಟು ಎಷ್ಟು ಅನ್ನೋದರಲ್ಲಿ ಮಾತು ಮುಗಿಯುತ್ತದೆ. ಆ ಕೆರೆಯ ಕೆಳಗೆ ನಿಮ್ಮದೇ ಕುಡಿಯುವ ನೀರಿನ ಬಾವಿ ಇದೆ, ಎಮ್ಮೆ ಅಲ್ಲೇ ನೀರು ಕುಡಿಯುತ್ತದೆ ಅನ್ನೋದು ಯಾವ ಬಿಲ್ಲಿನಲ್ಲೂ ಬರಲ್ಲ. ಹಾಗಾಗಿ ನಾನು ಆ ಕಡೆಯಿಂದಲೇ ಶುರು ಮಾಡುತ್ತೇನೆ.

ಮೊದಲು ಏನೇನು ನೋಡಬೇಕು

ನನ್ನ ಮಟ್ಟಿಗೆ ಮೊದಲ ಪ್ರಶ್ನೆ ಯಾವ ಇಂಧನ ಅಗ್ಗ ಅನ್ನೋದಲ್ಲ. ಎಣ್ಣೆ ನೀರಿನಿಂದ ಎಷ್ಟು ದೂರ ಇರುತ್ತೆ ಅನ್ನೋದು. ಇಂಜಿನ್ ಆಯಿಲ್ ಒಂದು ಲೀಟರ್ ನೀರಿಗೆ ಸೇರಿದರೆ ಸುಮಾರು ಹತ್ತು ಲಕ್ಷ ಲೀಟರ್ ನೀರನ್ನು ಕೆಡಿಸಬಲ್ಲದು ಅಂತ ಒಂದು ಲೆಕ್ಕ ಇದೆ. ಇಪ್ಪತ್ತೈದು ಮೀಟರ್ ಉದ್ದ, ಇಪ್ಪತ್ತು ಮೀಟರ್ ಅಗಲ, ಎರಡು ಮೀಟರ್ ಆಳದ ಕೆರೆ ಅಂದರೆ ಸರಿಯಾಗಿ ಅಷ್ಟೇ ನೀರು. ನಮ್ಮ ತೋಟದ ಕೆರೆಗಳು ಎಷ್ಟೋ ಅದಕ್ಕಿಂತ ಸಣ್ಣವು. ಅದೂ ಏಪ್ರಿಲ್‌ನಲ್ಲಿ ಅರ್ಧಕ್ಕೆ ಇಳಿದಿರುತ್ತವೆ.

ಸಮುದ್ರದ ಲೆಕ್ಕ ಬೇರೆ. 2006ರ ಮೇ ಕೊನೆಯಲ್ಲಿ ಓಷನ್ ಸೆರಾಯಾ ಅನ್ನೋ ಹಡಗು ಕಾರವಾರದ ಹತ್ತಿರ ಬಂಡೆಗೆ ಬಡಿದು ಎಣ್ಣೆ ಸೋರಿದಾಗ ದಂಡೆ ಕಪ್ಪಾಯಿತು, ಮೀನುಗಾರರಿಗೆ ಸಾಕುಬೇಕಾಯಿತು. ಆದರೂ ಅಲ್ಲಿ ಅಲೆ ಇತ್ತು, ಮಳೆಗಾಲ ಬರುತ್ತಿತ್ತು. ಕೆರೆಗೆ ಜನವರಿಯಿಂದ ಮೇ ತನಕ ಒಳಗೆ ಬರೋ ನೀರೂ ಕಡಿಮೆ, ಹೊರಗೆ ಹೋಗೋ ನೀರಂತೂ ಇಲ್ಲ. ಬಿದ್ದಿದ್ದು ಅಲ್ಲೇ. ಮೇಲಾಗಿ ನಮ್ಮ ಮಣ್ಣಿನ ಕೆಳಗೆ ಹೆಚ್ಚಿನ ಕಡೆ ಇರೋದು ಚಿರೆಕಲ್ಲು, ಅದರಲ್ಲಿ ತೂತು ಜಾಸ್ತಿ. ದಂಡೆಯ ಮೇಲೆ ಚೆಲ್ಲಿದ್ದು ಕೂಡ ಕೆಳಗಿನ ಬಾವಿಗೆ ದಾರಿ ಹುಡುಕುತ್ತದೆ.

ಎರಡನೆಯದು, ನಿಮಗೆ ನಿಜವಾಗಿ ಎಷ್ಟು ನೀರು ಬೇಕು. ಇದನ್ನು ಯಾರೂ ಲೆಕ್ಕ ಹಾಕಲ್ಲ, ಸುಮ್ನೆ 5 ಎಚ್‌ಪಿ ತಂದು ಇಡುತ್ತಾರೆ. ಮೂರನೆಯದು, ನೀರು ಬೇಕಾಗೋದು ಯಾವಾಗ. ಮಳೆಗಾಲದಲ್ಲಿ ಕರೆಂಟು ವಾರಗಟ್ಟಲೆ ಇಲ್ಲದಿದ್ದರೂ ತೋಟಕ್ಕೆ ಏನೂ ಆಗಲ್ಲ. ಮಾರ್ಚ್, ಏಪ್ರಿಲ್ ಎರಡು ತಿಂಗಳು ಕೈ ಕೊಡದಿದ್ದರೆ ಸಾಕು. ಆಮೇಲೆ ದುಡ್ಡು. ಇವತ್ತು ಕೈಯಿಂದ ಎಷ್ಟು ಹೋಗುತ್ತೆ, ವರ್ಷ ವರ್ಷ ಎಷ್ಟು ಹೋಗುತ್ತೆ, ಎರಡನ್ನೂ ಬೇರೆ ಬೇರೆ ಬರೆದುಕೊಳ್ಳಿ. ಕೊನೆಗೆ, ಕೆರೆ ನಿಮ್ಮೊಬ್ಬರದಾ ನಾಲ್ಕು ಮನೆಯದಾ ಅನ್ನೋದು.

ನೀರಿನ ಲೆಕ್ಕ ಮೊದಲು

ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಹೇಳೋ ಪ್ರಕಾರ ಡ್ರಿಪ್ (ಹನಿ ನೀರಾವರಿ) ಇದ್ದರೆ ಅಡಿಕೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು. ಪೈಪು ಹಿಡಿದು ಬುಡಕ್ಕೆ ಬಿಡೋದಾದರೆ ಒಂದು ಸಲಕ್ಕೆ 175 ಲೀಟರ್, ಮಾರ್ಚ್‌ನಿಂದ ಮೇ ತನಕ ಮೂರರಿಂದ ಐದು ದಿನಕ್ಕೊಮ್ಮೆ. ನಾಲ್ಕು ದಿನಕ್ಕೊಮ್ಮೆ ಅಂತ ಹಿಡಿದರೆ ದಿನಕ್ಕೆ 44 ಲೀಟರ್ ಬಿತ್ತು, ಅಂದರೆ ಎರಡು ಪಟ್ಟಿಗೂ ಜಾಸ್ತಿ.

ಎಕರೆಗೆ 550 ಮರದ ಹಾಗೆ ಎರಡು ಎಕರೆ ತೋಟ ಇದೆ ಅನ್ನಿ. ಡ್ರಿಪ್ ಆದರೆ ದಿನಕ್ಕೆ 22,000 ಲೀಟರ್. ಪೈಪು ಹಿಡಿದು ಬಿಡೋದಾದರೆ 48,000. ಕೆರೆ ನೀರನ್ನು ಇಪ್ಪತ್ತು ಮೀಟರ್ ಎತ್ತಬೇಕು ಅಂತಿಟ್ಟುಕೊಂಡರೆ 5 ಎಚ್‌ಪಿ ಡೀಸೆಲ್ ಸೆಟ್ಟು ಗಂಟೆಗೆ ಕಡಿಮೆ ಅಂದರೂ 25,000 ಲೀಟರ್ ಎತ್ತುತ್ತದೆ, ಪೂರ್ತಿ ಲೋಡಿನಲ್ಲಿ ಸುಮಾರು ಒಂದು ಲೀಟರ್ ಡೀಸೆಲ್ ಕುಡಿಯುತ್ತದೆ. ಲೀಟರಿಗೆ 90 ರೂಪಾಯಿ ಹಿಡಿದು ಐದು ತಿಂಗಳಿಗೆ ಲೆಕ್ಕ ಹಾಕಿ. ಡ್ರಿಪ್ಪಿನಲ್ಲಿ 13,500 ರೂಪಾಯಿ ಒಳಗೆ ಮುಗಿಯಿತು. ಇನ್ನೊಂದರಲ್ಲಿ 27,000 ಹತ್ತಿರ. ಇಂಜಿನ್ ಓಡೋ ಗಂಟೆ ಅರ್ಧ ಆಯಿತು ಅಂದರೆ ಡೀಸೆಲ್ ಸುರಿಯೋದು ಅರ್ಧ, ಆಯಿಲ್ ಬದಲಿಸೋದು ಅರ್ಧ, ಕೆರೆ ಬತ್ತೋದೂ ನಿಧಾನ. ಪಂಪು ಬದಲಿಸೋ ಮೊದಲು ಡ್ರಿಪ್ ಹಾಕಿ ಅಂತ ನಾನು ಹೇಳೋದು ಇದಕ್ಕೇ. ಕೈಯಲ್ಲಿ ಇರೋದು ಒಂದೇ ಕೆಲಸಕ್ಕೆ ಆಗೋವಷ್ಟು ದುಡ್ಡಾದರೆ ಹಳೇ ಡೀಸೆಲ್ ಸೆಟ್ಟನ್ನೇ ಇಟ್ಟುಕೊಂಡು ಡ್ರಿಪ್ ಹಾಕಿಸಿ, ಹೊಸ ಪಂಪು ಮುಂದಿನ ವರ್ಷ ನೋಡೋಣ.

ಡೀಸೆಲ್

ಗಟ್ಟಿ ಆಳು. ಹಳ್ಳಿಯಲ್ಲಿ ರಿಪೇರಿ ಗೊತ್ತಿರೋರು ಸಿಗುತ್ತಾರೆ, ಸ್ಪೇರ್ ಸಿಗುತ್ತೆ, ನಿಧಾನ ತಿರುಗೋ ಹಳೇ ಸೆಟ್ಟುಗಳಂತೂ ಇಪ್ಪತ್ತು ಮೂವತ್ತು ವರ್ಷ ಬಂದಿವೆ. ತೊಂದರೆ ಇರೋದು ಅದನ್ನು ಇಡೋ ಜಾಗದಲ್ಲಿ. ದಂಡೆ ಮೇಲೆ ನಿಂತು ನೀರು ಎಳೆಯೋ ಪಂಪಿಗೆ ಒಂದು ಮಿತಿ ಇದೆ, ಪುಸ್ತಕದ ಲೆಕ್ಕದಲ್ಲಿ ಹತ್ತು ಮೀಟರ್, ನಿಜದಲ್ಲಿ ಆರೇಳು ಮೀಟರಿಗಿಂತ ಕೆಳಗಿನ ನೀರನ್ನು ಅದು ಎಳೆಯಲ್ಲ. ಹಾಗಾಗಿ ಬೇಸಿಗೆಯಲ್ಲಿ ನೀರು ಇಳಿದ ಹಾಗೆ ಜನ ಇಂಜಿನನ್ನೂ ಕೆಳಗೆ ಇಳಿಸುತ್ತಾ ಹೋಗುತ್ತಾರೆ. ಕಡೆಗೆ ಅದು ಕೆರೆಯ ಹೊಟ್ಟೆಯೊಳಗೇ ಕೂತಿರುತ್ತದೆ, ಎರಡು ಕಲ್ಲಿನ ಮೇಲೆ, ಅಡಿಯಲ್ಲಿ ಕಪ್ಪು ಕೆಸರು. ಡೀಸೆಲ್ ಹಾಕೋದು ಅರ್ಧ ಕತ್ತರಿಸಿದ ನೀರಿನ ಬಾಟಲಿಯಲ್ಲಿ, ಅದು ಲಾಳಿಕೆ. ಒಂದು ಕೈಯಲ್ಲಿ ಕ್ಯಾನು, ಇನ್ನೊಂದು ಕೈಯಲ್ಲಿ ಬಾಟಲಿ, ಟ್ಯಾಂಕು ತುಂಬಿದ್ದು ಗೊತ್ತಾಗೋದು ಮೇಲಿಂದ ಉಕ್ಕಿದಾಗ. ಉಕ್ಕಿದ್ದು ಸೀದಾ ನೀರಿಗೆ, ಬಣ್ಣಬಣ್ಣದ ಪೊರೆಯಾಗಿ ಹರಡುತ್ತದೆ.

ಇಲ್ಲಿ ಒಂದು ಉಪಾಯ ಇದೆ. ಮಿತಿ ಇರೋದು ಮುಖ್ಯವಾಗಿ ಎತ್ತರಕ್ಕೆ. ಅಡ್ಡಕ್ಕೆ ಸ್ವಲ್ಪ ದೂರ ಇದ್ದರೆ ಅಷ್ಟು ತೊಂದರೆ ಇಲ್ಲ. ಎತ್ತರದ ವ್ಯತ್ಯಾಸ ನಾಲ್ಕೈದು ಮೀಟರ್ ಒಳಗಿದ್ದರೆ ಇಂಜಿನನ್ನು ಏರಿಯ ಆಚೆ ಬದಿಗೆ ಹತ್ತು ಹದಿನೈದು ಮೀಟರ್ ಹಿಂದೆ ಇಟ್ಟು, ಸ್ವಲ್ಪ ದಪ್ಪದ ಸಕ್ಷನ್ ಪೈಪು ಹಾಕಿ, ಅದರ ತುದಿಗೆ ನೀರು ವಾಪಸ್ ಇಳಿಯದ ಹಾಗೆ ತಡೆಯೋ ಒಳ್ಳೇ ಫೂಟ್‌ವಾಲ್ವ್ ಕೊಟ್ಟರೆ ಆರಾಮಾಗಿ ನಡೆಯುತ್ತದೆ. ಅಡಿಗೆ ಒಂದು ತಗಡಿನ ಟ್ರೇ ಇಡಿ, ಅದರಲ್ಲಿ ಒಣಗಿದ ಅಡಿಕೆ ಸಿಪ್ಪೆ ಅಥವಾ ಮರದ ಹೊಟ್ಟು ತುಂಬಿ. ಸೋರಿದ್ದನ್ನು ಅದು ಹೀರುತ್ತೆ. ಸೋಪಿನ ಪುಡಿ ಹಾಕಿ ತೊಳೆಯೋಕೆ ಮಾತ್ರ ಹೋಗಬೇಡಿ. ಎಣ್ಣೆ ಮಾಯ ಆದ ಹಾಗೆ ಕಾಣುತ್ತೆ ಅಷ್ಟೇ, ಸಣ್ಣ ಸಣ್ಣ ಹನಿಯಾಗಿ ನೀರಿನೊಳಗೇ ಬೆರೆತಿರುತ್ತೆ.

ಆಯಿಲ್ ಬದಲಿಸೋದು ಇನ್ನೂ ದೊಡ್ಡ ವಿಷಯ. ಹಳೇ ಆಯಿಲ್ಲನ್ನು ಅಲ್ಲೇ ಗುಂಡಿ ತೋಡಿ ಬಿಡೋರು ಇದ್ದಾರೆ. ಅದನ್ನು ಕ್ಯಾನಿಗೆ ಹಿಡಿದು ಮನೆಗೆ ತನ್ನಿ, ಗ್ಯಾರೇಜಿನವರು ತೆಗೆದುಕೊಳ್ಳುತ್ತಾರೆ. ಬೇಲಿ ಕಂಬಕ್ಕೆ ಒರಲೆ ಹತ್ತದ ಹಾಗೆ ಬಳಿಯೋ ಅಭ್ಯಾಸ ನಮ್ಮಲ್ಲಿ ಇದೆ, ಕೆರೆ ಪಕ್ಕದ ಬೇಲಿಗೆ ಅದೂ ಬೇಡ.

ಹೊಂಗೆ ಎಣ್ಣೆಯಲ್ಲಿ ಓಡಿಸಬಹುದಾ ಅಂತ ಆಗಾಗ ಯಾರಾದರೂ ಕೇಳುತ್ತಾರೆ. ನಿಧಾನ ತಿರುಗೋ ಇಂಜಿನ್ ಓಡುತ್ತೆ, ಆದರೆ ಹಸಿ ಎಣ್ಣೆ ಹಾಕಿದರೆ ಇಂಜೆಕ್ಟರಿಗೆ ಕರಿ ಕಟ್ಟುತ್ತದೆ. ಅದು ನೀರಿಗೆ ಬಿದ್ದರೂ ಒಳ್ಳೇದೇನಲ್ಲ, ಕೊಳೆಯುವಾಗ ಮೀನಿಗೆ ಬೇಕಾದ ಆಮ್ಲಜನಕ ತಿನ್ನುತ್ತೆ. ಡೀಸೆಲ್ಲಿಗಿಂತ ಬೇಗ ಕೊಳೆತು ಹೋಗುತ್ತೆ ಅನ್ನೋದೊಂದೇ ಸಮಾಧಾನ.

ಪೆಟ್ರೋಲ್

ಹಗುರ, ಒಬ್ಬರೇ ಹೊತ್ತುಕೊಂಡು ಹೋಗಬಹುದು, ಹತ್ತು ಹನ್ನೆರಡು ಸಾವಿರದಿಂದ ಸಿಗುತ್ತೆ. ಇದರ ಒಳ್ಳೇ ಗುಣ ಅಂದರೆ ಸಂಜೆ ಮನೆಗೆ ತರಬಹುದು, ಕೆರೆ ಪಕ್ಕ ವರ್ಷಪೂರ್ತಿ ಕೂತು ತೊಟ್ಟಿಕ್ಕಲ್ಲ. ಅದೇ ಕೆಲಸಕ್ಕೆ ಡೀಸೆಲ್ಲಿಗಿಂತ ಹೆಚ್ಚುಕಡಿಮೆ ಒಂದೂವರೆ ಪಟ್ಟು ಕುಡಿಯುತ್ತೆ, ಲೀಟರಿನ ಬೆಲೆಯೂ ಜಾಸ್ತಿ. ಹಾಗಾಗಿ ಅರ್ಧ ಎಕರೆ, ಬಾಳೆ, ತರಕಾರಿ, ಅಪರೂಪಕ್ಕೊಮ್ಮೆ ನೀರು ಅನ್ನೋರಿಗೆ ಸರಿ. ಎರಡು ಎಕರೆಗೆ ದಿನಾ ಓಡಿಸೋಕಲ್ಲ.

ಕೊಳ್ಳೋದಾದರೆ ಫೋರ್ ಸ್ಟ್ರೋಕ್ ಮಾತ್ರ. ಹಳೇ ಮಾದರಿ ಟೂ ಸ್ಟ್ರೋಕ್ ಇಂಜಿನ್‌ನಲ್ಲಿ ಆಯಿಲ್ ಬೆರೆಸಿದ ಪೆಟ್ರೋಲೇ ಒಳಗೆ ಹೋಗೋದು, ಅದರಲ್ಲಿ ನಾಲ್ಕನೇ ಒಂದು ಪಾಲಿನ ತನಕ ಉರಿಯದೆ ಹೊಗೆ ಕೊಳವೆಯಲ್ಲೇ ಆಚೆ ಬರುತ್ತೆ.

ಪೆಟ್ರೋಲ್ ಬಿದ್ದರೆ ಆರಿ ಹೋಗುತ್ತಲ್ಲ ಅಂತಾರೆ. ಮೇಲಿನದು ಆರುತ್ತೆ ನಿಜ. ಆದರೆ ಅದರಲ್ಲಿರೋ ಬೆಂಜೀನ್ ಮುಂತಾದವು ನೀರಿನಲ್ಲಿ ಕರಗುತ್ತವೆ, ಡೀಸೆಲ್ಲಿಗಿಂತ ಜಾಸ್ತಿ. ಬೆಂಜೀನ್ ಕ್ಯಾನ್ಸರ್ ತರೋ ವಸ್ತು. ಕೆಳಗೆ ಬಾವಿ ಇರೋರು ಇದನ್ನು ನೆನಪಿಟ್ಟುಕೊಳ್ಳಬೇಕು. ಇನ್ನೊಂದು, ಈಗ ಬಂಕಿನಲ್ಲಿ ಸಿಗೋ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥೆನಾಲ್ ಇದೆ. ಅದು ಗಾಳಿಯ ತೇವ ಎಳೆದುಕೊಳ್ಳುತ್ತೆ. ನಮ್ಮ ಮಳೆಗಾಲ ಪೂರ್ತಿ ಟ್ಯಾಂಕಿನಲ್ಲಿ ಬಿಟ್ಟರೆ ನವೆಂಬರಿನಲ್ಲಿ ಕಾರ್ಬೊರೇಟರ್ ಕ್ಲೀನಿಗೆ ಹೋಗೋದು ಗ್ಯಾರಂಟಿ. ಮೇ ಕೊನೆಗೆ ಟ್ಯಾಂಕು ಖಾಲಿ ಮಾಡಿ ಇಡಿ, ಖಾಲಿ ಮಾಡೋದು ದಂಡೆಯ ಮೇಲಲ್ಲ, ಬೈಕಿಗೆ ಹಾಕಿ.

ಕರೆಂಟು

ಹೆಸ್ಕಾಂ ಲೈನು ತೋಟದ ಹತ್ತಿರ ಇದೆ ಅಂದರೆ ಜಾಸ್ತಿ ಯೋಚನೆ ಬೇಡ, ಇದೇ ಸರಿ. 10 ಎಚ್‌ಪಿ ತನಕ ನೀರಾವರಿ ಪಂಪ್‌ಸೆಟ್ಟಿಗೆ ಕರ್ನಾಟಕದಲ್ಲಿ ಬಿಲ್ ಇಲ್ಲ. ಮುಳುಗಿಸೋ ಮೋಟರಿಗೆ ಆರೇಳು ಮೀಟರಿನ ಮಿತಿಯೂ ಇಲ್ಲ, ನೀರು ಇಳಿದ ಹಾಗೆ ಇಂಜಿನ್ ಹೊತ್ತು ಇಳಿಯೋ ಕೆಲಸ ತಪ್ಪುತ್ತೆ. ಏಪ್ರಿಲಿನಲ್ಲಿ ವೋಲ್ಟೇಜು ಬೀಳುತ್ತೆ, ಒಂದು ಗಾಳಿಮಳೆ ಬಂದರೆ ಮರ ಬಿದ್ದು ಎರಡು ದಿನ ಲೈನಿಲ್ಲ. ಆ ಎರಡು ದಿನವನ್ನು ಅಡಿಕೆ ಮರ ತಡೆದುಕೊಳ್ಳುತ್ತೆ. ಮನೆಯವರು ತಡೆದುಕೊಳ್ಳೋದು ಕಷ್ಟ, ಅದು ಬೇರೆ ಮಾತು.

ಅಂಗಡಿಯಲ್ಲಿ ಒಂದು ವಿಷಯ ಕೇಳಿ. ಮುಳುಗೋ ಮೋಟರುಗಳಲ್ಲಿ ಎರಡು ಜಾತಿ, ಒಳಗೆ ಎಣ್ಣೆ ತುಂಬಿದ್ದು, ಒಳಗೆ ನೀರು ತುಂಬಿದ್ದು. ಎಣ್ಣೆ ತುಂಬಿದ್ದರ ಸೀಲು ಹೋಯಿತೋ, ಒಳಗಿನ ಎಣ್ಣೆ ಕೆರೆಗೇ ಬರುತ್ತೆ. ಹೊರಗಿಂದ ನೋಡಿದರೆ ಗೊತ್ತೇ ಆಗಲ್ಲ. ಕೆರೆಗೆ, ಬಾವಿಗೆ ನೀರು ತುಂಬಿದ ಮೋಟರನ್ನೇ ಕೇಳಿ ತನ್ನಿ. ಟಿಸಿಯ (ಟ್ರಾನ್ಸ್‌ಫಾರ್ಮರ್) ಒಳಗೂ ಎಣ್ಣೆ ಇರುತ್ತೆ, ಹೊಸದಾಗಿ ಟಿಸಿ ಕೂರಿಸೋದಾದರೆ ಕೆರೆ ಏರಿಯಿಂದ ದೂರ ಜಾಗ ತೋರಿಸಿ. ನೀರಿನಲ್ಲಿ ಕರೆಂಟು ಅಂದ ಮೇಲೆ ಅರ್ಥಿಂಗು ಸರಿಯಾಗಿರಬೇಕು, ಕರೆಂಟು ಸೋರಿದರೆ ತಾನೇ ಬಂದ್ ಆಗೋ ಸ್ವಿಚ್ಚು ಇರಲೇಬೇಕು. ಅಲ್ಲಿ ಮಕ್ಕಳು ಈಜುತ್ತಾರೆ.

ಲೈನು ದೂರ ಇದ್ದರೆ ಮಾತ್ರ ಲೆಕ್ಕ ಬದಲಾಗುತ್ತೆ. ಕಂಬ, ತಂತಿ, ಟಿಸಿ ಖರ್ಚಿನಲ್ಲಿ ನಿಮ್ಮ ಪಾಲು ಎಷ್ಟು ಅಂತ ಸೆಕ್ಷನ್ ಆಫೀಸಿನಲ್ಲಿ ಮೊದಲೇ ಕೇಳಿ. ನಡುವೆ ಅರಣ್ಯ ಬಂದರೆ ಅದರ ಅನುಮತಿ ಬೇರೆ.

ಸೋಲಾರ್

ನಮ್ಮ ಬೇಸಿಗೆಗೆ ಇದು ಹೇಳಿ ಮಾಡಿಸಿದ ಹಾಗಿದೆ, ಯಾಕಂದರೆ ನೀರು ಬೇಕಾದಾಗಲೇ ಬಿಸಿಲು. ಎಣ್ಣೆ ಇಲ್ಲ, ಕ್ಯಾನು ಇಲ್ಲ, ದಿನದ ಖರ್ಚಿಲ್ಲ. ಸಹಾಯಧನ ಇಲ್ಲದೆ ಕೊಂಡರೆ 5 ಎಚ್‌ಪಿಗೆ ಮೂರು ಲಕ್ಷದ ಆಸುಪಾಸು. ಪಿಎಂ ಕುಸುಮ್ ಯೋಜನೆಯಲ್ಲಿ ಕೇಂದ್ರದ್ದು ಶೇಕಡಾ 30, ರಾಜ್ಯದ್ದು 50, ಉಳಿದ 20 ರೈತರದ್ದು. ಅಂದರೆ ಅರವತ್ತು ಸಾವಿರದ ಹತ್ತಿರ. ಅರ್ಜಿ ಸೌರಮಿತ್ರ ಪೋರ್ಟಲ್ಲಿನಲ್ಲಿ. ನಿಯಮ ಆಗಾಗ ಬದಲಾಗುತ್ತೆ, ಹಾಕೋ ಮೊದಲು ಒಮ್ಮೆ ವಿಚಾರಿಸಿ.

ಬಯಲುಸೀಮೆಯಲ್ಲಿ ಇಷ್ಟಕ್ಕೇ ಮಾತು ಮುಗಿಯುತ್ತಿತ್ತು. ನಮ್ಮಲ್ಲಿ ಮುಗಿಯಲ್ಲ, ಯಾಕಂದರೆ ತೋಟ ಇರೋದು ಕಣಿವೆಯಲ್ಲಿ. ಎರಡೂ ಬದಿ ಗುಡ್ಡ, ಮೇಲೆ ಬೆಟ್ಟದ ಮರ. ಬಿಸಿಲು ಬೀಳೋದು ಒಂಬತ್ತೂವರೆ ಮೇಲೆ, ನಾಲ್ಕಕ್ಕೆ ನೆರಳು. 5 ಎಚ್‌ಪಿಗೆ ಸುಮಾರು ಐದು ಕಿಲೋವ್ಯಾಟ್ ಪ್ಯಾನೆಲ್ ಬೇಕು, ಅದಕ್ಕೆ ಅರ್ಧ ಗುಂಟೆ ಜಾಗ, ಅದೂ ನೆರಳಿಲ್ಲದ್ದು. ತೋಟಕ್ಕೆ ಸೊಪ್ಪು ತರೋ ಸೊಪ್ಪಿನ ಬೆಟ್ಟದಲ್ಲಿ ಮರ ಕಡಿದು ಜಾಗ ಮಾಡೋಣ ಅನ್ನೋ ಯೋಚನೆ ಬಿಡಿ, ಬೆಟ್ಟ ನಮ್ಮ ಅನುಭೋಗಕ್ಕಿದ್ದರೂ ಅದು ಅರಣ್ಯ. ಹೆಚ್ಚಿನವರಿಗೆ ಸಿಗೋ ಜಾಗ ಅಂದರೆ ಅಂಗಳದ ಅಂಚು ಇಲ್ಲಾ ಕೊಟ್ಟಿಗೆ ಮಾಡು, ಅಲ್ಲಿಂದ ಕೆರೆಗೆ ಕೇಬಲ್ ಎಳೆಯಬೇಕು. ಮತ್ತೆ ಮಂಗ! ಪ್ಯಾನೆಲ್ ಮೇಲೆ ಗುಂಪು ಹಾರಿದರೆ ಗಾಜಿಗೆ ಏನಾಗುತ್ತೆ ಅಂತ ಹೇಳಬೇಕಾಗಿಲ್ಲ, ಮೇಲೆ ಬಲೆ ಕಟ್ಟಿದರೆ ಅದರ ನೆರಳು ಬೇರೆ ಬೀಳುತ್ತೆ.

ಡ್ರಿಪ್ ಹಾಕಿದೋರಿಗೆ 5 ಎಚ್‌ಪಿ ಬೇಕಾಗಿಲ್ಲ. ಮೇಲೆ ಒಂದು ಟ್ಯಾಂಕು ಇದ್ದರೆ 2 ಎಚ್‌ಪಿ ಇಲ್ಲಾ 3 ಎಚ್‌ಪಿ ಸೆಟ್ಟು ಬಿಸಿಲಿದ್ದಷ್ಟು ಹೊತ್ತು ನಿಧಾನಕ್ಕೆ ತುಂಬಿಸುತ್ತಾ ಇರುತ್ತೆ. ಆಗ ಪ್ಯಾನೆಲ್ ಕಡಿಮೆ, ಜಾಗ ಕಡಿಮೆ, ದುಡ್ಡೂ ಕಡಿಮೆ.

ಇಂಧನವೇ ಬೇಡ ಅಂದರೆ

ಮೇಲೆ ಗುಡ್ಡದಿಂದ ಇಳಿಯೋ ಅಬ್ಬಿ ನೀರಿದ್ದರೆ ಪೈಪು ಹಾಕಿ ಇಳಿಸಿ, ಅದಕ್ಕಿಂತ ಒಳ್ಳೇದು ಯಾವುದೂ ಇಲ್ಲ. ಹಳ್ಳ ಕೆಳಗಿದ್ದು ಸ್ವಲ್ಪ ಇಳಿಜಾರು ಇದ್ದರೆ ಹೈಡ್ರಾಲಿಕ್ ರ‍್ಯಾಮ್ ನೋಡಬಹುದು. ಹರಿಯೋ ನೀರಿನ ಬಲದಲ್ಲೇ ಅದರ ಒಂದು ಪಾಲನ್ನು ಮೇಲೆ ತಳ್ಳೋ ಯಂತ್ರ ಇದು. ಸೆಕೆಂಡಿಗೆ ಒಂದು ಲೀಟರ್ ಹರಿವು, ಎರಡು ಮೀಟರ್ ಇಳಿತ ಇದ್ದರೆ ಹದಿನೈದು ಮೀಟರ್ ಮೇಲಕ್ಕೆ ದಿನಕ್ಕೆ ಆರೇಳು ಸಾವಿರ ಲೀಟರ್ ಬರುತ್ತೆ, ಮುನ್ನೂರು ಮರಕ್ಕೆ ಸಾಕು. ಹಳ್ಳ ಮಾರ್ಚ್‌ನಲ್ಲೇ ನಿಲ್ಲುತ್ತೆ ಅನ್ನೋರಿಗೆ ಪ್ರಯೋಜನ ಇಲ್ಲ.

ದೂರದ ನೀರು

ನನ್ನ ಕೆರೆ ಚೊಕ್ಕ ಇದ್ದರೆ ಸಾಕು ಅಂತ ಕೂರೋಕೂ ಆಗಲ್ಲ ನೋಡಿ. ಡೀಸೆಲ್ ನಮ್ಮ ಕ್ಯಾನಿಗೆ ಬರೋ ಮೊದಲೇ ಬೇರೆಯವರ ನೀರನ್ನು ಮುಟ್ಟಿ ಬಂದಿರುತ್ತೆ. ನಮಗೆ ಹತ್ತಿರದ ರಿಫೈನರಿ ಮಂಗಳೂರಿನ ಎಂಆರ್‌ಪಿಎಲ್. 2019ರ ಬೇಸಿಗೆಯಲ್ಲಿ ನೇತ್ರಾವತಿಯಲ್ಲಿ ನೀರು ಸಾಲದೆ ಅಲ್ಲಿ ಕೆಲವು ಘಟಕ ನಿಲ್ಲಿಸಬೇಕಾಯಿತು. ಊರಿಗೆ ಕುಡಿಯೋ ನೀರು, ರಿಫೈನರಿಗೆ ಕೆಲಸದ ನೀರು, ಎರಡಕ್ಕೂ ಅದೇ ನದಿ. ಆಮೇಲೆ ಅವರು ತಣ್ಣೀರುಬಾವಿ ಹತ್ತಿರ ದಿನಕ್ಕೆ 3 ಕೋಟಿ ಲೀಟರ್ ಸಮುದ್ರದ ನೀರು ಸಿಹಿ ಮಾಡೋ ಘಟಕ ಕಟ್ಟಿದರು. ಖರ್ಚು ಜಾಸ್ತಿ, ವಿದ್ಯುತ್ತೂ ಬೇಕು, ಆದರೆ ಬರಗಾಲದಲ್ಲಿ ನದಿಯ ಮೇಲಿನ ಭಾರ ಅಷ್ಟು ಇಳಿಯಿತು.

ಅಮೆರಿಕದ ಮಿಷಿಗನ್ ಸರೋವರದ ದಂಡೆಯಲ್ಲಿ ವೈಟಿಂಗ್ ಅನ್ನೋ ಊರಿದೆ. 1889ರಿಂದ ಅಲ್ಲಿ ರಿಫೈನರಿ, ಈಗ ಬಿಪಿ ಕಂಪನಿಯದ್ದು. ಅದೇ ಸರೋವರ ಷಿಕಾಗೋ ಊರಿಗೆ ಕುಡಿಯೋ ನೀರು. 2007ರಲ್ಲಿ ಇಂಡಿಯಾನಾ ರಾಜ್ಯ ಅವರಿಗೆ ಮೊದಲಿಗಿಂತ ಶೇಕಡಾ 54 ಜಾಸ್ತಿ ಅಮೋನಿಯಾ, 35 ಜಾಸ್ತಿ ಕೆಸರಿನ ಕಣ ಬಿಡೋಕೆ ಅನುಮತಿ ಕೊಟ್ಟಿತು. ಇಂಧನ ಬೇಕು, ಕೆಲಸ ಬರುತ್ತೆ, ಕಾನೂನಿನ ಒಳಗೇ ಇದೆ ಅನ್ನೋದು ಒಂದು ಕಡೆಯ ಮಾತು. ಜನ ಗಲಾಟೆ ಎಬ್ಬಿಸಿದ ಮೇಲೆ ಅದೇ ಆಗಸ್ಟಿನಲ್ಲಿ ಕಂಪನಿ, ಹಳೇ ಮಿತಿಯೊಳಗೇ ಇರುತ್ತೇವೆ ಅಂತ ಹೇಳಿತು. ರಿಫೈನರಿ ವಿಸ್ತರಣೆಯೇನೂ ನಿಲ್ಲಲಿಲ್ಲ. 2014ರಲ್ಲಿ ಅಲ್ಲೇ ಎಣ್ಣೆ ಸೋರಿ ಸರೋವರಕ್ಕೆ ಹೋಯಿತು ಅನ್ನೋದನ್ನೂ ಹೇಳಬೇಕು. ಕಾಗದದಲ್ಲಿ ಮಿತಿ ಬಿಗಿ ಇದ್ದರೂ ನೀರಿನ ಪಕ್ಕದಲ್ಲೇ ಎಣ್ಣೆ ಇದ್ದರೆ ಒಂದಲ್ಲ ಒಂದು ದಿನ ಸೋರುತ್ತೆ. ನಾನು ಮೊದಲಿಗೆ ದೂರದ ಪ್ರಶ್ನೆ ಎತ್ತಿದ್ದು ಇದಕ್ಕೇ.

ಹಾಗಂತ ಕರೆಂಟು ಪೂರ್ತಿ ಚೊಕ್ಕ ಅಂತ ನಮ್ಮ ಜಿಲ್ಲೆಯವರಿಗೆ ಹೇಳೋಕೆ ಬರಬೇಡಿ. ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟಿಗೆ ಮನೆ ಮಠ ಬಿಟ್ಟವರು ಇಲ್ಲೇ ಇದ್ದಾರೆ, ಕೈಗಾ ಅಣುವಿದ್ಯುತ್ ಸ್ಥಾವರ ಕೂಡ ಕಾಳಿ ನದಿಯ ನೀರನ್ನೇ ನಂಬಿಕೊಂಡಿದೆ. ನಿಮ್ಮ ಮೋಟರು ಬಿಟ್ಟಿ ಓಡಿದರೂ ಅದರ ಬೆಲೆ ಯಾರೋ ಕೊಟ್ಟಿದ್ದಾರೆ. ಹಾಗಾಗಿ ಯಾವ ಪಂಪು ಆರಿಸಿದರೂ ಓಡಿಸೋ ಗಂಟೆ ಕಡಿಮೆ ಮಾಡೋದು ಬಿಡಬೇಡಿ.

ಯಾರಿಗೆ ಯಾವುದು

ಲೈನು ಹತ್ತಿರ ಇದ್ದರೆ ನೀರು ತುಂಬಿದ ಮುಳುಗೋ ಮೋಟರು, ಜೊತೆಗೆ ಡ್ರಿಪ್. ಲೈನು ಅರ್ಧ ಕಿಲೋಮೀಟರಿಗಿಂತ ದೂರ, ಬಿಸಿಲಿನ ಜಾಗ ಇದೆ ಅಂದರೆ ಸಣ್ಣ ಸೋಲಾರ್ ಮತ್ತು ಟ್ಯಾಂಕು. ಬಿಸಿಲೂ ಇಲ್ಲ ಲೈನೂ ಇಲ್ಲ ಅನ್ನೋ ಕಣಿವೆಯ ತೋಟಕ್ಕೆ ಡೀಸೆಲ್ಲೇ ಗತಿ, ಅದಕ್ಕೆ ನಾಚಿಕೆ ಬೇಡ. ಏರಿಯ ಆಚೆಗೆ ಇಡಿ, ಟ್ರೇ ಇಡಿ, ಸರಿಯಾದ ಲಾಳಿಕೆ ಕೊಳ್ಳಿ, ಅದು ಐವತ್ತು ರೂಪಾಯಿಗೂ ಸಿಗುತ್ತೆ. ಗುತ್ತಿಗೆ ತೋಟ ಮಾಡೋರಿಗೆ, ಮುಂದಿನ ವರ್ಷ ಇರ್ತೀವೋ ಇಲ್ವೋ ಅನ್ನೋರಿಗೆ ಫೋರ್ ಸ್ಟ್ರೋಕ್ ಪೆಟ್ರೋಲ್ ಪಂಪು, ಆಮೇಲೆ ಮಾರಿದರೂ ದುಡ್ಡು ಬರುತ್ತೆ. ಕೆಳಗೇ ಕುಡಿಯೋ ಬಾವಿ ಇದ್ದರೆ ಅವರಿಗೂ ನಾನು ಬಾಡಿಗೆ ಡೀಸೆಲ್ ಸೆಟ್ಟು ಅಂತಲೇ ಹೇಳುತ್ತೇನೆ.

ಕೆರೆ ನಾಲ್ಕು ಮನೆಯದಾದರೆ ನಾಲ್ಕು ಇಂಜಿನ್ ಇಡೋದು ನಿಲ್ಲಿಸಿ, ಒಂದೇ ಮೋಟರಿಗೆ ಪಾಲು ಹಾಕಿಕೊಳ್ಳೋ ಮಾತು ಮಾರ್ಚ್‌ಗೆ ಮೊದಲೇ ಆಗಲಿ. ನೀರು ತಳ ಹಿಡಿದ ಮೇಲೆ ಯಾರೂ ಯಾರ ಮಾತನ್ನೂ ಕೇಳಲ್ಲ. ಸೌರಮಿತ್ರದಲ್ಲಿ ಅರ್ಜಿ ಹಾಕೋರು ಕೂಡ ಮಳೆಗಾಲದಲ್ಲೇ ಹಾಕಿ. ಸೆಟ್ಟು ಬಂದು ಕೂರೋಕೆ ತಿಂಗಳುಗಟ್ಟಲೆ ಹಿಡಿಯುತ್ತೆ, ಅಲ್ಲಿಯ ತನಕ ಹಳೇ ಡೀಸೆಲ್ಲನ್ನು ಗುಜರಿಗೆ ಕೊಡಬೇಡಿ.